ಬರಡು ನೆಲಕ್ಕೆ ಗೊಬ್ಬರ ಬಿದ್ದರೆ ತಪ್ಪೇನು?

ಪ್ರಶ್ನೆ: ಅಂಟಾರ್ಕ್ಟಿಕಾದ ಸಿಗ್ನಿ ದ್ವೀಪದಲ್ಲಿ ಹೊರಗಿನಿಂದ ಬಂದ ಒಂದು ಪುಟ್ಟ ಕೀಟ ಮಣ್ಣಿನ ಸಾರ ಹೆಚ್ಚಿಸುತ್ತಿದೆ ಎಂದು ಓದಿದೆ. ವಿಜ್ಞಾನಿಗಳು ಅದನ್ನೇ ಅಪಾಯ ಅನ್ನುತ್ತಾರೆ. ಬರಡು ನೆಲ ಫಲವತ್ತಾದರೆ ಒಳ್ಳೆಯದೇ ಅಲ್ವಾ? ಅಲ್ಲಿ ಹಾಳಾಗುವಂಥದ್ದು ಏನಿದೆ?

ಉತ್ತರ: ಬೇಕಾದಷ್ಟಿದೆ. ಕಣ್ಣಿಗೆ ಬೀಳುವುದಿಲ್ಲ ಅಷ್ಟೇ. ಮಣ್ಣಿನ ಕಿರುಜೀವಿಗಳನ್ನು ಸೂಕ್ಷ್ಮದರ್ಶಕದ ಕೆಳಗೆ ನೋಡುತ್ತಲೇ ಕೆಲಸ ಮಾಡಿದವಳು ನಾನು. ಹಾಗಾಗಿ ಅಂಟಾರ್ಕ್ಟಿಕಾ ಎಂದ ಕೂಡಲೇ ನನಗೆ ಪೆಂಗ್ವಿನ್‌ಗಿಂತ ಮೊದಲು ಸ್ಪ್ರಿಂಗ್‌ಟೇಲ್ ನೆನಪಾಗುತ್ತದೆ. ಒಂದೆರಡು ಮಿಲಿಮೀಟರ್ ಉದ್ದದ, ರೆಕ್ಕೆಯಿಲ್ಲದ, ಆರು ಕಾಲಿನ ಜೀವಿ ಇದು. ಕೀಟಗಳ ಬಂಧು, ಆದರೆ ಕೀಟವಲ್ಲ.

ಆ ಖಂಡದಲ್ಲಿ ಹಿಮ ಮುಚ್ಚದ ನೆಲ ಶೇ 0.5ರಷ್ಟೂ ಇಲ್ಲ. ಆ ಚೂರುಪಾರು ನೆಲದಲ್ಲೇ ಹಾವಸೆ, ಕಲ್ಲುಹೂವು, ಸ್ಪ್ರಿಂಗ್‌ಟೇಲ್, ಜೇಡದ ಬಳಗದ ಮೈಟ್, ದಾರದಂಥ ನೆಮಟೋಡ್ ಹುಳ, ಎಂಟು ಕಾಲಿನ ಸೂಕ್ಷ್ಮಜೀವಿ ಟಾರ್ಡಿಗ್ರೇಡ್ ಎಲ್ಲವೂ ಬದುಕಬೇಕು. ಹಕ್ಕಿ ಮತ್ತು ಸೀಲ್‌ಗಳ ಮೈಮೇಲಿನ ಹೇನು, ಚಿಗಟಗಳನ್ನು ಬಿಟ್ಟರೆ ಅಲ್ಲಿನ ಸ್ವಂತ ಕೀಟಗಳು ಎರಡೇ. ಎರಡೂ ಮಿಡ್ಜ್ ಎಂಬ ನುಸಿಯಂಥ ಕೀಟಗಳು. ಅವುಗಳಲ್ಲಿ ಬೆಲ್ಜಿಕಾ ಅಂಟಾರ್ಕ್ಟಿಕಾ ಎಂಬುದಕ್ಕೆ ರೆಕ್ಕೆಯೇ ಇಲ್ಲ. ಮರಿಹುಳವಾಗಿ ಎರಡು ವರ್ಷ ಕಳೆದು, ದೊಡ್ಡದಾದ ಮೇಲೆ ಹತ್ತು ದಿನದ ಆಸುಪಾಸಿನಲ್ಲಿ ಸಾಯುತ್ತದೆ. ಮೈಯ ನೀರಿನಲ್ಲಿ ಶೇ 70ರಷ್ಟು ಹೋದರೂ ಮರಿಹುಳ ಉಳಿಯುತ್ತದೆ. ಟಾರ್ಡಿಗ್ರೇಡ್ ಕತೆ ಇನ್ನೂ ದೊಡ್ಡದು. 1983ರಲ್ಲಿ ಸಂಗ್ರಹಿಸಿ ಹೆಪ್ಪುಗಟ್ಟಿಸಿ ಇಟ್ಟಿದ್ದ ಹಾವಸೆಯನ್ನು ಜಪಾನಿನ ವಿಜ್ಞಾನಿಗಳು 2014ರಲ್ಲಿ ಕರಗಿಸಿದರು. ಒಳಗಿದ್ದ ಟಾರ್ಡಿಗ್ರೇಡ್ ಎದ್ದು ಓಡಾಡಿತು, ಮೊಟ್ಟೆಯನ್ನೂ ಇಟ್ಟಿತು!

ಇಷ್ಟೆಲ್ಲ ತಾಳಿಕೊಳ್ಳುವ ಜೀವಿಗಳಿಗೆ ಒಂದು ವಿಷಯ ಮಾತ್ರ ರೂಢಿಯಿಲ್ಲ. ಅದು ಪೈಪೋಟಿ. ಚಳಿ, ಬರ, ಉಪವಾಸ ಇವುಗಳ ಜೊತೆ ಹೆಣಗಾಡಿ ಬಂದವು ಅವು. ಪಕ್ಕದಲ್ಲಿ ಬೇಗ ಬೆಳೆಯುವ ಇನ್ನೊಂದು ಜೀವಿ ಇರುವುದು ಅವುಗಳ ಲೆಕ್ಕದಲ್ಲೇ ಇರಲಿಲ್ಲ.

ಈಗ ನಿಮ್ಮ ಕೀಟಕ್ಕೆ ಬರೋಣ. ಅದರ ಹೆಸರು ಎರೆಟ್‌ಮಾಪ್ಟೆರಾ ಮರ್ಫಿಯೈ. ಇದೂ ಮಿಡ್ಜೇ, ಊರು ದಕ್ಷಿಣ ಅಟ್ಲಾಂಟಿಕ್ ಸಾಗರದ ಸೌತ್ ಜಾರ್ಜಿಯಾ ದ್ವೀಪ. 1960ರ ದಶಕದಲ್ಲಿ ಒಂದು ಪ್ರಯೋಗಕ್ಕಾಗಿ ಅಲ್ಲಿಂದ ಸಿಗ್ನಿಗೆ ಗಿಡಗಳನ್ನು ತಂದು ನೆಟ್ಟರು. ಬೇರಿನ ಮಣ್ಣಿನಲ್ಲಿ ಇದೂ ಬಂತು. ಇದು ಹಾರುವುದಿಲ್ಲ. ಆದರೆ ಗಂಡಿನ ಹಂಗಿಲ್ಲದೆ ಹೆಣ್ಣೇ ಸಂತಾನ ಮಾಡುತ್ತದೆ. ಅಂದರೆ ಒಂದೇ ಒಂದು ಮರಿಹುಳ ಯಾರದೋ ಬೂಟಿಗೆ ಅಂಟಿ ಮುಂದಿನ ಕಣಿವೆಗೆ ಹೋದರೂ ಅಲ್ಲೊಂದು ಹೊಸ ವಂಶ ಶುರು.

ಇದು ಯಾರನ್ನೂ ಕೊಲ್ಲುವುದಿಲ್ಲ. ಸತ್ತ ಹಾವಸೆಯನ್ನು ತಿಂದು ಹಿಕ್ಕೆ ಹಾಕುತ್ತದೆ, ಅಷ್ಟೇ. ಅಲ್ಲಿ ಆ ಕೆಲಸ ತೀರಾ ನಿಧಾನವಾಗಿ ನಡೆಯುತ್ತಿತ್ತು. ಈಗ ಈ ಕೀಟ ಇರುವ ಕಡೆ ಮಣ್ಣಿನ ಸಾರಜನಕ, ಅದಿಲ್ಲದ ಕಡೆಗಿಂತ ಮೂರರಿಂದ ಐದು ಪಟ್ಟು ಜಾಸ್ತಿ ಎಂದು ಬ್ರಿಟಿಷ್ ಸಂಶೋಧಕರು ಅಳೆದಿದ್ದಾರೆ. ಸೀಲ್‌ಗಳು ಬಿದ್ದುಕೊಳ್ಳುವ ಜಾಗದಲ್ಲಿ ಸಿಗುವಷ್ಟು ಸಾರ ಅದು.

ನನ್ನ ಆತಂಕ ಇರುವುದು ಇಲ್ಲೇ. ಸಾರವಿಲ್ಲದ ನೆಲವೇ ಅಲ್ಲಿನ ಬೇಲಿ. ಕಡಿಮೆಯಲ್ಲಿ ಬದುಕಬಲ್ಲ ಹಾವಸೆಗೆ ಅದು ಸಾಕು, ಹೊರಗಿನ ಹುಲ್ಲಿಗೆ ಸಾಲದು. ಸಾರ ಹೆಚ್ಚಿದರೆ ಬೇಲಿ ಬಿದ್ದಂತೆ. ಪೋವಾ ಆನ್ಯುವಾ ಎಂಬ ಹುಲ್ಲು ಅಂಟಾರ್ಕ್ಟಿಕಾದ ಕಿಂಗ್ ಜಾರ್ಜ್ ದ್ವೀಪದಲ್ಲಿ ಪೋಲೆಂಡಿನ ಸಂಶೋಧನಾ ಕೇಂದ್ರದ ಬಳಿ 1980ರ ದಶಕದಲ್ಲೇ ಕಾಣಿಸಿಕೊಂಡಿತ್ತು. ಅದನ್ನು ಕೀಳುವುದಕ್ಕೆ ವರ್ಷಗಟ್ಟಲೆ ಶ್ರಮ ಪಟ್ಟಿದ್ದಾರೆ. ಇಂಥ ಹುಲ್ಲಿಗೆ ಹಸನಾದ ಮಣ್ಣು ಸಿಕ್ಕರೆ ಹಾವಸೆಯ ಗತಿ ಏನು? ಹಾವಸೆ ಹೋದರೆ ಅದರೊಳಗಿನ ಮೈಟ್, ಸ್ಪ್ರಿಂಗ್‌ಟೇಲ್‌ಗಳಿಗೂ ನೆಲೆ ತಪ್ಪುತ್ತದೆ.

ಹಿಂದೂ ಮಹಾಸಾಗರದ ದಕ್ಷಿಣದಲ್ಲಿ ಕೆರ್ಗೆಲೆನ್ ದ್ವೀಪವಿದೆ. ಅಲ್ಲಿ ಕತೆ ಬೇರೆ. 1913ರಲ್ಲಿ ಬಂದ ಮೆರಿಜೋಡಸ್ ಎಂಬ ದುಂಬಿ ನೇರವಾಗಿ ಬೇಟೆಯಾಡುತ್ತದೆ. ಅದು ಕಾಲಿಟ್ಟ ಕಡೆ ಹಾರಲಾರದ ಸ್ಥಳೀಯ ನೊಣಗಳು ಕಡಿಮೆಯಾಗುತ್ತಾ ಬಂದಿವೆ.

ಪ್ರಶ್ನೆ: ಹೊರಗಿನ ಹುಳಗಳು ಆ ಚಳಿಗೆ ತಾವಾಗಿಯೇ ಸಾಯುವುದಿಲ್ಲವೇ?

ಉತ್ತರ: ಬಹಳಷ್ಟು ಸಾಯುತ್ತವೆ. ಆದರೆ ಮನುಷ್ಯ ಇರುವಲ್ಲಿ ಬೆಚ್ಚಗಿನ ಮೂಲೆ ಇದ್ದೇ ಇರುತ್ತದೆ. ಕಿಂಗ್ ಜಾರ್ಜ್ ದ್ವೀಪದಲ್ಲಿ ಟ್ರೈಕೋಸೆರಾ ಎಂಬ ನೊಣ ಮೊದಲು ಸಿಕ್ಕಿದ್ದು ಒಂದು ಸಂಶೋಧನಾ ಕೇಂದ್ರದ ಕೊಳಚೆ ವ್ಯವಸ್ಥೆಯಲ್ಲಿ. ಅದರ ತವರು ಉತ್ತರ ಗೋಳಾರ್ಧದ ಚಳಿ ನಾಡು. ಆಮೇಲೆ ಪಕ್ಕದ ಕೇಂದ್ರಗಳಿಗೂ ಹಬ್ಬಿತು, ಹೊರಗೂ ಹಾರುತ್ತಾ ಕಂಡಿತು.

ಪ್ರಶ್ನೆ: ಔಷಧಿ ಹೊಡೆದು ತೆಗೆಯಬಹುದಲ್ಲ?

ಉತ್ತರ: ಕೊಳಚೆ ತೊಟ್ಟಿಯಲ್ಲಿ ಪ್ರಯತ್ನ ಮಾಡಬಹುದು. ಬಯಲಿನ ಹಾವಸೆಗೆ ಕೀಟನಾಶಕ ಹಾಕಿದರೆ ನಾವು ಉಳಿಸಬೇಕೆಂದಿರುವ ಸ್ಪ್ರಿಂಗ್‌ಟೇಲೇ ಮೊದಲು ಸಾಯುತ್ತದೆ. ಇಲಿ, ಮೊಲಗಳ ವಿಷಯ ಹಾಗಲ್ಲ. ಆಸ್ಟ್ರೇಲಿಯಾಕ್ಕೆ ಸೇರಿದ ಮ್ಯಾಕ್ವಾರಿ ದ್ವೀಪದಿಂದ ಮೊಲ, ಹೆಗ್ಗಣ, ಇಲಿ ಮೂರನ್ನೂ ತೆಗೆದು 2014ರಲ್ಲಿ ಗೆಲುವು ಸಾರಿದರು. ಕೆಲವೇ ಮಿಲಿಮೀಟರಿನ ಹುಳವನ್ನು ಹಾಗೆ ಹುಡುಕಿ ಹಿಡಿಯಲು ಆಗುವುದಿಲ್ಲ. ಆದ್ದರಿಂದ ಬಾರದಂತೆ ತಡೆಯುವುದೇ ದಾರಿ.

ಇದರಲ್ಲಿ ಪ್ರವಾಸಿಗರನ್ನಷ್ಟೇ ದೂರುವುದು ಸರಿಯಲ್ಲ. 2007-08ರ ಬೇಸಿಗೆಯಲ್ಲಿ ಅಲ್ಲಿಗೆ ಹೋದವರ ಬಟ್ಟೆಬರೆ, ಚೀಲ ತಪಾಸಣೆ ಮಾಡಿದರು. ಬೀಜ ಸಿಕ್ಕವರ ಬಳಿ ತಲೆಗೆ ಸರಾಸರಿ ಒಂಬತ್ತೂವರೆ ಬೀಜ! ತಲಾ ಲೆಕ್ಕದಲ್ಲಿ ಸಾಮಾನ್ಯ ಪ್ರವಾಸಿಗರಿಗಿಂತ ವಿಜ್ಞಾನಿಗಳ ಬಳಿಯೇ ಜಾಸ್ತಿ ಇದ್ದವು. ನಮ್ಮ ವೃತ್ತಿಯವರು ಇದನ್ನು ಮನಸ್ಸಿಗೆ ಹಚ್ಚಿಕೊಳ್ಳಲೇಬೇಕು. ಅಲ್ಲಿಗೆ ಹೋಗುವವರು ಯಾರೇ ಆಗಲಿ, ಹಳೆಯ ಬೂಟಿನ ಅಡಿ ಉಜ್ಜಿದರೆ ಸಾಲದು. ಜೇಬಿನ ಹೊಲಿಗೆ, ವೆಲ್ಕ್ರೋ ಪಟ್ಟಿ, ಕ್ಯಾಮೆರಾ ಚೀಲದ ತಳ, ಟ್ರೈಪಾಡಿನ ಕಾಲು ಇಷ್ಟನ್ನೂ ವ್ಯಾಕ್ಯೂಮ್ ಕ್ಲೀನರ್‌ನಿಂದ ಎಳೆಸಿ, ಬ್ರಷ್ ಹಾಕಿ ಉಜ್ಜಿ. ಒಂದು ದ್ವೀಪದಿಂದ ಇನ್ನೊಂದಕ್ಕೆ ಇಳಿಯುವ ಮೊದಲು ಇದೇ ಕೆಲಸ ಮತ್ತೆ ಮಾಡಿ.