ಆರು ಇಂಚಿನ, ಕಾಗದದಂತೆ ಕಾಣುವ ಇ-ಇಂಕ್ ತೆರೆಯ ಇ-ಪುಸ್ತಕ ರೀಡರ್‌ನಲ್ಲಿ ಹಳೆಯ ಕನ್ನಡ ಪುಸ್ತಕಗಳ ಪಿಡಿಎಫ್ ಮಬ್ಬಾಗಿ ಕಾಣುತ್ತಿದೆ. ಹಿಂದಿರುಗಿಸಿ ಟ್ಯಾಬ್ ಕೊಳ್ಳಲೇ?

ನಾನು ಹೀಗೆಯೇ ಸಿಟ್ಟಾಗಿದ್ದೆ. ಹಿಂದಿರುಗಿಸುವ ಗಡುವು ಮೀರಿದ್ದರಿಂದ ನನ್ನ ಹೊಸ ರೀಡರನ್ನು ಪರಿಚಯದವರೊಬ್ಬರಿಗೆ ಅರ್ಧ ಬೆಲೆಗೆ ಮಾರಿ, ಆ ಹಣಕ್ಕೆ ಮತ್ತಷ್ಟು ಸೇರಿಸಿ ಟ್ಯಾಬ್ ಕೊಂಡೆ. ಮರುವರ್ಷ ಇನ್ನೊಂದು ಇ-ಇಂಕ್ ಸಾಧನಕ್ಕೇ ಹಣ ತೆತ್ತೆ. ಈ ದಂಡಕ್ಕೆ ಕಾರಣ ಸಾಧನವಾಗಿರಲಿಲ್ಲ, ಮೊದಲ ದಿನ ಅದರೊಳಗೆ ನಾನು ತುಂಬಿದ ಕಡತಗಳಾಗಿದ್ದವು.

ಇಂಟರ್ನೆಟ್ ಆರ್ಕೈವ್‌ನಲ್ಲಿ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದ ಕನ್ನಡ ಪುಸ್ತಕಗಳ ಸ್ಕ್ಯಾನ್ ಪ್ರತಿಗಳು ಹೇರಳವಾಗಿವೆ ಎಂಬುದು ನಿಮಗೂ ಗೊತ್ತಿರಬೇಕು. ನಾನು ರೀಡರ್ ಕೊಂಡದ್ದೇ ಅವನ್ನು ಓದಲೆಂದು. ಆದರೆ ಆರು ಇಂಚು ಎಂಬುದು ತೆರೆಯ ಕರ್ಣದ ಅಳತೆ. ನಿಜವಾದ ಅಗಲ 3.6 ಇಂಚು, ಎತ್ತರ 4.8 ಇಂಚು ಮಾತ್ರ. ಡೆಮಿ 1/8 ಎಂಬ ಸಾಮಾನ್ಯ ಅಚ್ಚಿನ ಗಾತ್ರದ ಪುಸ್ತಕದ ಪುಟ ಸುಮಾರು 5.5 ಇಂಚು ಅಗಲ, 8.5 ಇಂಚು ಎತ್ತರ ಇರುತ್ತದೆ. ಅದನ್ನು ಇಡಿಯಾಗಿ ಈ ತೆರೆಗೆ ಇಳಿಸಿದರೆ ಶೇ. 56ಕ್ಕೆ ಕುಗ್ಗುತ್ತದೆ, ಅಂದರೆ 12 ಪಾಯಿಂಟಿನ ಅಕ್ಷರ 7 ಪಾಯಿಂಟಿಗಿಂತಲೂ ಚಿಕ್ಕದಾಗುತ್ತದೆ. ಇಂಗ್ಲಿಷ್ ಅಕ್ಷರ ಈ ಗಾತ್ರದಲ್ಲೂ ಹೇಗೋ ಬದುಕಿಕೊಳ್ಳುತ್ತದೆ. ನಮ್ಮಲ್ಲಿ ‘ಸ್ತ್ರೀ’ ಎಂದು ಬರೆಯಲು ಅಕ್ಷರದ ಕೆಳಗೆ ಎರಡು ಒತ್ತುಗಳಿಗೆ ಜಾಗ ಬೇಕು. 300 ಪಿಪಿಐ (ಇಂಚಿಗೆ 300 ಪಿಕ್ಸೆಲ್) ತೆರೆಯಾದರೂ ಆ ಗಾತ್ರಕ್ಕೆ ಸಿಗುವುದು ಒಟ್ಟು 28 ಪಿಕ್ಸೆಲ್ ಎತ್ತರ, ಅದರಲ್ಲಿ ಒತ್ತಕ್ಷರಗಳ ಪಾಲಿಗೆ ಉಳಿಯುವುದು ಅತ್ಯಲ್ಪ. ಅದರ ಮೇಲೆ, ಹಳದಿಗಟ್ಟಿದ ಕಾಗದ 16 ಛಾಯೆಗಳ ಬೂದು ತೆರೆಯಲ್ಲಿ ಬೂದು ಬಣ್ಣವಾಗಿಯೇ ಮೂಡುವುದರಿಂದ ಶಾಯಿಗೂ ಹಿನ್ನೆಲೆಗೂ ಇರಬೇಕಾದ ಅಂತರ ಮಾಯವಾಗುತ್ತದೆ. ನಾನು ಇದನ್ನೆಲ್ಲ ‘ಇ-ಇಂಕ್ ಮಬ್ಬು’ ಎಂಬ ಒಂದೇ ತೀರ್ಪಿನಲ್ಲಿ ಮುಗಿಸಿಬಿಟ್ಟೆ.

ತೆರೆಯ ನಿಧಾನದ ವಿಷಯದಲ್ಲೂ ಹಾಗೆಯೇ ಆಯಿತು. ಇ-ಇಂಕ್ ತೆರೆಯಲ್ಲಿ ಸೂಕ್ಷ್ಮ ಕೋಶಗಳೊಳಗಿನ ದ್ರವದಲ್ಲಿ ಕಪ್ಪು ಮತ್ತು ಬಿಳಿ ಕಣಗಳು ವಿದ್ಯುತ್ತಿನ ಸೆಳೆತಕ್ಕೆ ಮೇಲೆ ಕೆಳಗೆ ಚಲಿಸಿ ಚಿತ್ರ ಮೂಡಿಸುತ್ತವೆ. ಮೂಡಿದ ಪುಟ ವಿದ್ಯುತ್ತಿಲ್ಲದೆಯೇ ನಿಲ್ಲುತ್ತದೆ, ಬ್ಯಾಟರಿ ವಾರಗಟ್ಟಲೆ ಬಾಳುವುದು ಅದಕ್ಕೇ. ಒಂದು ಪುಟವನ್ನು ತೋರಿಸಿ ಸುಮ್ಮನಿರುವುದು ಈ ತೆರೆಗೆ ಸಹಜ. ನಾನೋ ಒಂದೊಂದು ಸಾಲಿಗೂ ಹಿಗ್ಗಿಸಿ, ಎಡಕ್ಕೂ ಬಲಕ್ಕೂ ಎಳೆದಾಡಿ, ಪ್ರತಿ ಎಳೆತಕ್ಕೂ ತೆರೆ ಕಪ್ಪಾಗಿ ಮಿನುಗುವುದನ್ನು ಕಂಡು ಬೈದುಕೊಳ್ಳುತ್ತಿದ್ದೆ.

ನನ್ನ ಸಾಧನವನ್ನು ಕೊಂಡವರ ಮನೆಗೆ ಒಮ್ಮೆ ಹೋದಾಗ ಅವರು ಅದರಲ್ಲೇ ಕನ್ನಡ ವಿಕಿಸೋರ್ಸ್‌ನಿಂದ ಇಳಿಸಿಕೊಂಡ ಇಪಬ್ (ಇ-ಪುಸ್ತಕದ ಕಡತ ರೂಪ) ಪುಸ್ತಕವೊಂದನ್ನು ಅಕ್ಷರ ದೊಡ್ಡದು ಮಾಡಿಕೊಂಡು ಓದುತ್ತಿದ್ದರು. ಒತ್ತಕ್ಷರಗಳು ಅಚ್ಚಿನ ಪುಸ್ತಕದಷ್ಟೇ ಚೊಕ್ಕವಾಗಿದ್ದವು. ಸ್ಕ್ಯಾನಿನಂತೆ ಚಿತ್ರವಾಗಿರದೆ ಅಕ್ಷರಗಳಾಗಿಯೇ ಇರುವ ಯೂನಿಕೋಡ್ ಪಠ್ಯವನ್ನು ಸಾಧನ ತನ್ನ ತೆರೆಗೆ ತಕ್ಕಂತೆ ತಾನೇ ಜೋಡಿಸಿಕೊಳ್ಳುತ್ತದೆ ಎಂಬಷ್ಟು ಸಣ್ಣ ವಿಷಯವನ್ನು ನಾನು ಮಾರುವ ಮೊದಲು ಪರೀಕ್ಷಿಸಿರಲೇ ಇಲ್ಲ. ಅವರು ಬಹಳ ಸಂತೋಷದಿಂದಿದ್ದರು. ನಾನು ಬೆಲೆಯ ಮಾತೆತ್ತಲಿಲ್ಲ.

ಟ್ಯಾಬ್‌ನಲ್ಲಿ ಸ್ಕ್ಯಾನ್ ಪುಟಗಳು ಚೆನ್ನಾಗಿಯೇ ಕಾಣುತ್ತವೆ, ಸುಳ್ಳು ಹೇಳಲಾರೆ. ಆದರೆ ಹಗಲಿನಲ್ಲಿ ಜಗುಲಿಗೆ ಬಂದರೆ ಪುಟದ ಬದಲು ನನ್ನ ಮುಖ ಕಾಣಿಸುತ್ತಿತ್ತು, ರಾತ್ರಿ ಹತ್ತು ಪುಟ ಓದುವುದರೊಳಗೆ ಯಾವುದೋ ಸಂದೇಶ ಬಂದು ಓದು ನಿಲ್ಲುತ್ತಿತ್ತು. ಆ ವರ್ಷ ಒಂದು ಪುಸ್ತಕವನ್ನೂ ನಾನು ಕೊನೆಯವರೆಗೆ ಓದಲಿಲ್ಲ.

ಆದ್ದರಿಂದ ರೀಡರೋ ಟ್ಯಾಬೋ ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ನೀವು ಇಲ್ಲಿಯವರೆಗೆ ನೋಡಿರುವುದು ಸ್ಕ್ಯಾನಿನ ಗುಣವನ್ನು, ತೆರೆಯ ಗುಣವನ್ನಲ್ಲ. ಇವತ್ತೇ ಒಂದು ಯೂನಿಕೋಡ್ ಇಪಬ್ ಹಾಕಿ, ನೋಟೋ ಸೆರಿಫ್ ಕನ್ನಡದಂತಹ ಫಾಂಟ್ ಸೇರಿಸಿ ಓದಿ ನೋಡಿ. ಅನಂತರ ಒಂದು ಪಿಡಿಎಫ್‌ನ ಅಂಚುಗಳನ್ನು ಕತ್ತರಿಸಿ, ಸಾಧನವನ್ನು ಅಡ್ಡ ಹಿಡಿದು, ಪುಟವನ್ನು ಭಾಗ ಭಾಗವಾಗಿ ಓದಿ. ಆಗ 4 ಇಂಚು ಅಗಲದ ಪಠ್ಯಕ್ಕೆ 4.8 ಇಂಚು ಸಿಗುವುದರಿಂದ ಅಕ್ಷರ ಮೂಲಕ್ಕಿಂತಲೂ ತುಸು ದೊಡ್ಡದಾಗುತ್ತದೆ. ನಿಮ್ಮ ಸಾಧನದಲ್ಲಿ ಕೆಓರೀಡರ್ ತಂತ್ರಾಂಶ ಹಾಕಿಕೊಳ್ಳಲು ಸಾಧ್ಯವಿದ್ದರೆ ಬೂದು ಹಿನ್ನೆಲೆಯನ್ನು ಬೆಳ್ಳಗಾಗಿಸುವ ಸೌಲಭ್ಯ ಅದರಲ್ಲಿದೆ.

ಇಷ್ಟಾದ ಮೇಲೂ ನಿಮ್ಮ ಓದು ಮುಖ್ಯವಾಗಿ ಸ್ಕ್ಯಾನ್ ಪುಸ್ತಕಗಳದ್ದೇ ಆಗಿದ್ದರೆ ಖಂಡಿತ ಹಿಂದಿರುಗಿಸಿ, ಆದರೆ 10.3 ಇಂಚಿನ ಇ-ಇಂಕ್ ಸಾಧನಕ್ಕಾಗಿ ಹಿಂದಿರುಗಿಸಿ. ನನ್ನ ಬಳಿ ಈಗ ಇರುವುದು ಅದೇ. ಡೆಮಿ ಪುಟ ಅದರಲ್ಲಿ ಹೆಚ್ಚುಕಡಿಮೆ ನಿಜಗಾತ್ರದಲ್ಲೇ ಕೂರುತ್ತದೆ. ದುಬಾರಿ ಎಂಬುದು ನಿಜ, ಮಲಗಿಕೊಂಡು ಒಂದೇ ಕೈಯಲ್ಲಿ ಹಿಡಿಯಲು ಭಾರ ಎಂಬುದೂ ನಿಜ. ಕೊಳ್ಳುವಾಗ ಆಂಡ್ರಾಯ್ಡ್ ಇರುವುದನ್ನೇ ಆರಿಸಿಕೊಳ್ಳಿ, ಏಕೆಂದರೆ ಕೆಲವು ಕನ್ನಡ ಇ-ಪುಸ್ತಕ ಮಳಿಗೆಗಳಲ್ಲಿ ಕೊಂಡದ್ದನ್ನು ಅವುಗಳದೇ ಆ್ಯಪ್‌ನಲ್ಲಿ ಓದಬೇಕಾಗುತ್ತದೆ.