ಓದುಗರ ಪ್ರಶ್ನೆ: ಶಂಕರ್ ನಾಗ್ ನಟರೋ, ನಿರ್ದೇಶಕರೋ?

ಕನ್ನಡದ ನಟರನ್ನು ಕುರಿತು ಪ್ರಶ್ನೆಗಳನ್ನು ಕಳುಹಿಸುವಂತೆ ಕಳೆದ ಸಂಚಿಕೆಯಲ್ಲಿ ಕೋರಿದ್ದೆವು. ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಒಬ್ಬರ ಬಗ್ಗೆಯೇ ಇದ್ದುದರಿಂದ ಈ ಸಲದ ಪುಟಗಳನ್ನು ಅವರೊಬ್ಬರಿಗೇ ಬಿಟ್ಟುಕೊಟ್ಟಿದ್ದೇವೆ.

ಪ್ರಶ್ನೆ: ನಮ್ಮ ತಂದೆ ಆಟೋ ಓಡಿಸುತ್ತಾರೆ, ಅವರ ಗಾಡಿಯ ಹಿಂದೆ ಶಂಕರಣ್ಣನ ಚಿತ್ರವಿದೆ. ಕಾಲೇಜಿನಲ್ಲಿ ನಮ್ಮ ಉಪನ್ಯಾಸಕರು ಮಾತ್ರ ‘ಶಂಕರ್ ನಾಗ್ ದೊಡ್ಡ ನಿರ್ದೇಶಕರು, ನಟನೆ ಸಾಧಾರಣ’ ಎನ್ನುತ್ತಾರೆ. ಯಾರ ಮಾತು ಸರಿ? (ಹಾವೇರಿಯ ವಿದ್ಯಾರ್ಥಿ)

ಉತ್ತರ: ತಮ್ಮ ಉಪನ್ಯಾಸಕರು ‘ಒಂದಾನೊಂದು ಕಾಲದಲ್ಲಿ’ ಚಿತ್ರವನ್ನು ಮತ್ತೊಮ್ಮೆ ನೋಡುವುದು ಒಳ್ಳೆಯದು. ಗಿರೀಶ ಕಾರ್ನಾಡರು ನಿರ್ದೇಶಿಸಿ 1978ರಲ್ಲಿ ತೆರೆಗೆ ತಂದ ಈ ಚಿತ್ರದಲ್ಲಿ ಶಂಕರ್ ನಾಗ್ ಅವರು ಅಣ್ಣತಮ್ಮಂದಿರ ಕಲಹದ ನಡುವೆ ಕೂಲಿಗಾಗಿ ಕತ್ತಿ ಹಿಡಿಯುವ ಗಂಡುಗಲಿಯಾಗಿ ಕಾಣಿಸಿಕೊಂಡರು. ಮರುವರ್ಷ ದೆಹಲಿಯಲ್ಲಿ ನಡೆದ ಭಾರತದ ಅಂತರರಾಷ್ಟ್ರೀಯ ಚಲನಚಿತ್ರೋತ್ಸವದಲ್ಲಿ ಅವರಿಗೆ ಅತ್ಯುತ್ತಮ ನಟನೆಂದು ರಜತ ಮಯೂರ ದೊರೆಯಿತು. ಇದನ್ನು ರಾಷ್ಟ್ರಪ್ರಶಸ್ತಿ ಎಂದು ಬರೆಯುವವರು ಬಹಳ ಮಂದಿ ಇದ್ದಾರೆ, ಅದು ತಪ್ಪು. ಹೊರದೇಶಗಳ ಚಿತ್ರಗಳೂ ಸ್ಪರ್ಧಿಸಿದ್ದ ಉತ್ಸವದ ಪ್ರಶಸ್ತಿ ಅದು, ಪಡೆದವರು ಇಪ್ಪತ್ತನಾಲ್ಕರ ಯುವಕ, ಅದೂ ಮೊದಲ ಚಿತ್ರಕ್ಕೆ. ಸುಂದರಕೃಷ್ಣ ಅರಸರ ಪೆರ್ಮಾಡಿ ಎದುರಿಗೆ ನಿಂತಾಗಲೂ ಆ ಹುಡುಗ ಅಳುಕುವುದಿಲ್ಲ. ಮಾತಿಗಿಂತ ಹೆಚ್ಚಾಗಿ ನಿಲುವಿನಲ್ಲಿ, ದಣಿದು ಕುಳಿತ ಭಂಗಿಯಲ್ಲಿ, ಯಾರಿಗೂ ಸೇರದವನ ನಗೆಯಲ್ಲಿ ಪಾತ್ರ ಕಟ್ಟಿಕೊಳ್ಳುತ್ತದೆ.

ಹಾಗೆಂದು ತಮ್ಮ ಉಪನ್ಯಾಸಕರ ಮಾತನ್ನು ಪೂರ್ತಿ ತಳ್ಳಿಹಾಕುವಂತೆಯೂ ಇಲ್ಲ. ಹನ್ನೆರಡು ವರ್ಷಗಳಲ್ಲಿ ಅವರು ನಟಿಸಿದ ಚಿತ್ರಗಳು ಹತ್ತಿರಹತ್ತಿರ ಎಂಬತ್ತು. ವರ್ಷಕ್ಕೆ ಆರೇಳು ಎಂದಾಯಿತು. ಅವುಗಳಲ್ಲಿ ಹಲವನ್ನು ಇಂದು ನೋಡಿದರೆ, ಹೊಡೆದಾಟದ ದೃಶ್ಯಗಳನ್ನು ಮೊದಲು ಬರೆದು, ಅವುಗಳ ನಡುವಿನ ಸಂದಿಯಲ್ಲಿ ಪಾತ್ರವನ್ನು ತುರುಕಿದಂತೆ ಕಾಣುತ್ತದೆ. ‘ಕರಾಟೆ ಕಿಂಗ್’ ಎಂಬ ಬಿರುದು ಅವರಿಗೆ ಪ್ರೇಕ್ಷಕರನ್ನು ತಂದುಕೊಟ್ಟಿತು, ಪಾತ್ರಗಳನ್ನು ಕಿತ್ತುಕೊಂಡಿತು ಎಂಬುದು ನನ್ನ ಅಭಿಪ್ರಾಯ. ಪದಗಳ ಅಂಚನ್ನು ನುಂಗುವಂತಹ ಅವರ ಆತುರದ ಮಾತು ಹಿರಿಯ ವಿಮರ್ಶಕರಿಗೆ ದೋಷವಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ. ಆದರೆ ದಿನವಿಡೀ ರಸ್ತೆಯಲ್ಲಿ ದುಡಿಯುವವನೊಬ್ಬ ಮಾತನಾಡುವುದು ಹೀಗೆಯೇ ಅಲ್ಲವೇ ಎಂದು ತಮ್ಮ ತಂದೆಯವರು ಕೇಳಿದರೆ ನನ್ನಲ್ಲಿ ಉತ್ತರವಿಲ್ಲ. ಖಾಕಿ ಅಂಗಿ ತೊಟ್ಟು ಮೂರು ಚಕ್ರದ ಗಾಡಿ ಓಡಿಸುವವನನ್ನು ನಗೆಪಾಟಲಿನ ಪಾತ್ರವಾಗಿಸದೆ ಚಿತ್ರದ ನಾಯಕನನ್ನಾಗಿ ನಿಲ್ಲಿಸಿದ ‘ಆಟೋ ರಾಜ’ನ ಋಣವನ್ನು ಆಟೋ ಚಾಲಕರು ಇಂದಿಗೂ ತಮ್ಮ ನಿಲ್ದಾಣಗಳಿಗೆ ಅವರ ಹೆಸರಿಟ್ಟು ತೀರಿಸುತ್ತಿದ್ದಾರೆ.

ನಿರ್ದೇಶಕರ ವಿಷಯಕ್ಕೆ ಬಂದರೆ, ನಟರಾಗಿ ಎರಡೇ ವರ್ಷ ಕಳೆಯುವಷ್ಟರಲ್ಲಿ, 1980ರಲ್ಲಿ, ಕಾರುಗಳ್ಳರ ಕಥೆಯ ‘ಮಿಂಚಿನ ಓಟ’ವನ್ನು ಅವರು ಕೈಗೆತ್ತಿಕೊಂಡರು. ಅಣ್ಣ ಅನಂತ್ ನಾಗ್, ತಾವು, ಜೊತೆಗೆ ಲೋಕನಾಥ್ ಎಂಬ ಮೂವರ ಮೇಲೆ ಇಡೀ ಚಿತ್ರವನ್ನು ನಿಲ್ಲಿಸಿದರು. ಮರುವರ್ಷ ಬಂದ ‘ಗೀತಾ’ ಇಳಯರಾಜರ ಹಾಡುಗಳಿಂದಾಗಿ ಈಗಲೂ ಮನೆಮಾತು. 1985ರ ‘ಆ್ಯಕ್ಸಿಡೆಂಟ್’ ಅವರ ಅತ್ಯುತ್ತಮ ಚಿತ್ರವೆಂದು ನಾನು ನಂಬಿದ್ದೇನೆ. ಅಮಲಿನಲ್ಲಿ ಕಾರು ಓಡಿಸಿ ಫುಟ್‌ಪಾತಿನಲ್ಲಿ ಮಲಗಿದ್ದವರ ಮೇಲೆ ಹರಿಸಿದ ರಾಜಕಾರಣಿಯ ಮಗ, ಅವನನ್ನು ಉಳಿಸಲು ಹೊರಡುವ ತಂದೆ, ಬೆನ್ನು ಬಿಡದ ವರದಿಗಾರ, ಇಷ್ಟೇ ಕಥೆ. ತಂದೆಯ ಪಾತ್ರವನ್ನು ಅಣ್ಣನಿಗೆ ಕೊಟ್ಟು, ವರದಿಗಾರನ ಪಾತ್ರವನ್ನು ತಾವು ವಹಿಸಿದರು. ಎರಡರಲ್ಲಿ ಭಾರವಾದದ್ದು ಅಣ್ಣನದು. ಕರಾಟೆ ಕಿಂಗ್ ಎಂದು ಜನ ಕೂಗುತ್ತಿದ್ದ ದಿನಗಳಲ್ಲೇ ತನ್ನ ಚಿತ್ರದಲ್ಲಿ ಹೀಗೆ ಪಕ್ಕಕ್ಕೆ ಸರಿದು ನಿಲ್ಲಬಲ್ಲ ನಾಯಕನಟರು ಎಷ್ಟು ಮಂದಿ ಇದ್ದಾರೆ? ಸಾಮಾಜಿಕ ವಿಷಯವನ್ನು ಕುರಿತ ಅತ್ಯುತ್ತಮ ಚಿತ್ರವೆಂದು ಇದಕ್ಕೆ ರಾಷ್ಟ್ರಪ್ರಶಸ್ತಿ ಬಂದಿತು.

ಪ್ರಶ್ನೆ: ಶಂಕರ್ ನಾಗ್ ನಮ್ಮ ಜಿಲ್ಲೆಯವರು. ಆದರೂ ಅವರು ಮರಾಠಿ ರಂಗಭೂಮಿಯಿಂದ ಬಂದವರೆಂದು ಬರೆಯುತ್ತಾರಲ್ಲ, ಇದು ಹೇಗೆ? (ಶಿರಸಿಯ ಓದುಗರು)

ಉತ್ತರ: ಎರಡೂ ನಿಜ. 1954ರ ನವೆಂಬರ್ 9ರಂದು ಹುಟ್ಟಿದ ಶಂಕರ ನಾಗರಕಟ್ಟೆಯವರ ಮೂಲ ಹೊನ್ನಾವರದ ಕಡೆಯದು. ಮುಂದೆ ಮುಂಬಯಿಗೆ ಹೋಗಿ ಬ್ಯಾಂಕಿನಲ್ಲಿ ಕೆಲಸಕ್ಕೆ ಸೇರಿದರು, ಸಂಜೆಗಳನ್ನು ನಾಟಕಕ್ಕೆ ಕೊಟ್ಟರು. ಮುಂದೆ ಪತ್ನಿಯಾದ ಅರುಂಧತಿ ಅವರ ಪರಿಚಯವಾದದ್ದೂ ಅಲ್ಲಿನ ರಂಗಭೂಮಿಯಲ್ಲಿಯೇ. ಕರಾವಳಿಯ ಮನೆಗಳಿಂದ ಮುಂಬಯಿಗೆ ಹೋದ ಒಂದು ತಲೆಮಾರಿಗೆ ಮರಾಠಿ ಪರಭಾಷೆಯಾಗಿರಲಿಲ್ಲ ಎಂಬುದನ್ನು ಶಿರಸಿಯವರಾದ ತಮಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಬೆಂಗಳೂರಿಗೆ ಬಂದ ಮೇಲೆಯೂ ಅವರು ನಾಟಕವನ್ನು ಬಿಡಲಿಲ್ಲ. ‘ಸಂಕೇತ್’ ತಂಡ ಕಟ್ಟಿ, ಹಗಲು ಚಿತ್ರೀಕರಣ ಮುಗಿಸಿ ರಾತ್ರಿ ತಾಲೀಮಿಗೆ ಹೋಗುತ್ತಿದ್ದರು. ಕಾರ್ನಾಡರ ‘ನಾಗಮಂಡಲ’ವನ್ನು ಕನ್ನಡ ರಂಗಕ್ಕೆ ತಂದವರಲ್ಲಿ ಅವರೂ ಒಬ್ಬರು.

ಪ್ರಶ್ನೆ: ‘ಆಟೋ ರಾಜ’ ಅವರ ಮೊದಲ ಚಿತ್ರವೇ?

ಉತ್ತರ: ಅಲ್ಲ. ಅದು 1980ರದು, ಮೊದಲ ಚಿತ್ರ ಯಾವುದೆಂಬುದು ಮೇಲೆಯೇ ಬಂದಿದೆ.

ಪ್ರಶ್ನೆ: ‘ಮಾಲ್ಗುಡಿ ಡೇಸ್’ ಕನ್ನಡದ ನಟರಿಂದ ತುಂಬಿದ್ದರೂ ಕನ್ನಡದಲ್ಲಿ ಏಕೆ ಬರಲಿಲ್ಲ? ಅದಕ್ಕೆ ಆಗುಂಬೆಯನ್ನೇ ಆರಿಸಿದ್ದು ಏಕೆ? (ತೀರ್ಥಹಳ್ಳಿಯ ನಿವೃತ್ತ ಶಿಕ್ಷಕರು)

ಉತ್ತರ: ಆಗ ದೇಶದಲ್ಲಿ ಇದ್ದದ್ದು ದೂರದರ್ಶನವೊಂದೇ. ಅದರ ರಾಷ್ಟ್ರೀಯ ಪ್ರಸಾರಕ್ಕಾಗಿ ತಯಾರಾದ ಧಾರಾವಾಹಿಯಾದ್ದರಿಂದ ಹಿಂದಿಯಲ್ಲೂ ಇಂಗ್ಲಿಷಿನಲ್ಲೂ ಚಿತ್ರೀಕರಣ ನಡೆಯಿತು. ಟಿ.ಎಸ್. ನರಸಿಂಹನ್ ನಿರ್ಮಾಪಕರು, ಮೂಲ ಕಥೆಗಳು ಆರ್.ಕೆ. ನಾರಾಯಣರವು, ಶೀರ್ಷಿಕೆಯ ರೇಖಾಚಿತ್ರಗಳು ನಾರಾಯಣರ ತಮ್ಮ ಆರ್.ಕೆ. ಲಕ್ಷ್ಮಣರವು, ಸಂಗೀತ ಎಲ್. ವೈದ್ಯನಾಥನ್ ಅವರದು. ಭಾಷೆ ಹಿಂದಿಯಾದರೂ ಪರದೆಯ ಮೇಲಿದ್ದ ಮುಖಗಳಲ್ಲಿ ಬಹುಪಾಲು ನಮ್ಮವು. ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್, ತಂದೆಯಾಗಿ ಗಿರೀಶ ಕಾರ್ನಾಡ್, ತಾಯಿಯಾಗಿ ವೈಶಾಲಿ ಕಾಸರವಳ್ಳಿ, ಮಿಠಾಯಿ ಅಂಗಡಿಯ ಜಗನ್ ಆಗಿ ಅನಂತ್ ನಾಗ್. ವಿಷ್ಣುವರ್ಧನ್ ಕೂಡ ಒಂದು ಕಂತಿನಲ್ಲಿ, ಮಗಳನ್ನು ಸಿನಿಮಾಕ್ಕೆ ಕರೆದೊಯ್ಯಲು ಕಚೇರಿಯಿಂದ ಬಿಡುವು ಸಿಗದ ಗುಮಾಸ್ತನಾಗಿ ಬಂದು ಹೋದರು. ತಾರೆಯ ಪಟ್ಟವನ್ನು ಬಾಗಿಲಾಚೆ ಬಿಟ್ಟು ಅವರು ಆ ಪಾತ್ರದೊಳಕ್ಕೆ ಬಂದ ರೀತಿಯನ್ನು ಇಂದಿನ ನಟರು ಗಮನಿಸಬೇಕು.

ಆಗುಂಬೆಯ ಬಗ್ಗೆ ತಮ್ಮೂರಿನವರಿಗೇ ನನಗಿಂತ ಹೆಚ್ಚು ಗೊತ್ತಿರಬೇಕು. ಮಾಲ್ಗುಡಿ ಯಾವ ನಕ್ಷೆಯಲ್ಲೂ ಇಲ್ಲದ ಊರು. ಕಥೆಗಳು ನಡೆಯುವ ಕಾಲದ ಹೆಂಚಿನ ಮನೆ, ಜಗಲಿ, ಕಿರಿದಾದ ಪೇಟೆಬೀದಿ ಇವೆಲ್ಲ ಆಗುಂಬೆಯಲ್ಲಿ ಹಾಗೆಯೇ ಉಳಿದಿದ್ದವು. ದೊಡ್ಡಮನೆಯ ತೊಟ್ಟಿ, ಕಂಬಗಳು ಹೊಸದಾಗಿ ಕಟ್ಟಬೇಕಾದವುಗಳಲ್ಲ. ಇಲ್ಲದ್ದನ್ನು ಕಲಾ ನಿರ್ದೇಶಕ ಜಾನ್ ದೇವರಾಜ್ ಕಟ್ಟಿದರು. ಬೀದಿಯ ನಡುವೆ ನಿಂತ, ಕಥೆಗಳಲ್ಲಿ ಬರುವ ಬ್ರಿಟಿಷ್ ಅಧಿಕಾರಿ ಸರ್ ಫ್ರೆಡರಿಕ್ ಲಾಲಿಯ ಪ್ರತಿಮೆ ಅವರ ಕೈಯದೇ. ವರ್ಷದಲ್ಲಿ ನಾಲ್ಕು ತಿಂಗಳು ಜಡಿಮಳೆ ಹಿಡಿಯುವ ಊರನ್ನು ಚಿತ್ರೀಕರಣಕ್ಕೆ ಆರಿಸುವುದು ವ್ಯವಹಾರ ಬಲ್ಲವರ ಲೆಕ್ಕಕ್ಕೆ ಕೂಡಿಬರುವ ಮಾತಲ್ಲ; ಆದರೆ ಕಂತುಗಳನ್ನು ನೋಡುವಾಗ ಒದ್ದೆ ಗೋಡೆ, ಪಾಚಿ ಹಿಡಿದ ಹೆಂಚು, ಮಬ್ಬು ಬೆಳಕು ಇವುಗಳೇ ಆ ಕಲ್ಪಿತ ಊರಿಗೆ ವಯಸ್ಸನ್ನು ಕೊಟ್ಟಿವೆ ಎಂಬುದು ತಿಳಿಯುತ್ತದೆ. 1986ರಲ್ಲಿ ಆರಂಭವಾದ ಸರಣಿಯ ಮೂವತ್ತೊಂಬತ್ತು ಕಂತುಗಳನ್ನು ಶಂಕರ್ ನಾಗ್ ನಿರ್ದೇಶಿಸಿದರು. ಬಹಳ ವರ್ಷಗಳ ನಂತರ ಇನ್ನಷ್ಟು ಕಂತುಗಳನ್ನು ನಿರ್ದೇಶಿಸಿದವರು ಕವಿತಾ ಲಂಕೇಶ್. ಶಂಕರ್ ನಾಗ್ ಅವರ ಇಡೀ ಬದುಕಿನ ಕೆಲಸದಲ್ಲಿ ಹೆಚ್ಚು ದೂರ ಹೋದದ್ದು, ಕನ್ನಡ ಬಾರದ ಮನೆಗಳನ್ನೂ ಹೊಕ್ಕದ್ದು ಇದೇ. ನಾಯಕನಟರಾಗಿ ಬಿಡುವಿಲ್ಲದೆ ದುಡಿಯುತ್ತಿದ್ದ ವರ್ಷಗಳಲ್ಲಿಯೇ ಅವರು ಇದನ್ನು ಮಾಡಿ ಮುಗಿಸಿದರು ಎಂಬುದನ್ನು ನೆನೆದರೆ ನನಗೆ ಇಂದಿಗೂ ಬೆರಗಾಗುತ್ತದೆ.

ಪ್ರಶ್ನೆ: ಅವರು ಬದುಕಿದ್ದರೆ ಬೆಂಗಳೂರಿಗೆ ಮೆಟ್ರೊ ಇಪ್ಪತ್ತು ವರ್ಷ ಮೊದಲೇ ಬರುತ್ತಿತ್ತೇ? (ಬೆಂಗಳೂರಿನ ಓದುಗರು)

ಉತ್ತರ: ಮೆಟ್ರೊ ರೈಲು, ನಂದಿಬೆಟ್ಟಕ್ಕೆ ರೋಪ್‌ವೇ, ಕಡಿಮೆ ಖರ್ಚಿನ ಮನೆಗಳು ಇವುಗಳ ಬಗ್ಗೆ ಅವರು ಆಸಕ್ತಿಯಿಂದ ಮಾತನಾಡುತ್ತಿದ್ದರೆಂದು ಒಡನಾಡಿಗಳು ಹೇಳಿದ್ದಾರೆ. ಆದರೆ ಮೆಟ್ರೊಗೆ ಬೇಕಾದದ್ದು ಸರ್ಕಾರದ ತೀರ್ಮಾನ, ಸಾಲ, ಭೂಸ್ವಾಧೀನ. 2011ರಲ್ಲಿ ಮೊದಲ ರೈಲು ಓಡುವ ಹೊತ್ತಿಗೆ ಇವೆಲ್ಲ ಎಷ್ಟು ಕಾಲ ನುಂಗಿದವೆಂಬುದನ್ನು ತಾವೇ ಕಂಡಿದ್ದೀರಿ. ಒಬ್ಬ ನಟರ ಹೆಗಲಿಗೆ ಇದನ್ನು ಹೊರಿಸುವುದು ಅಭಿಮಾನವೇ ಹೊರತು ಚರಿತ್ರೆಯಲ್ಲ. ಅವರು ಕನಸಿನಲ್ಲಿ ಉಳಿಸದೆ ಕಟ್ಟಿ ತೋರಿಸಿದ್ದನ್ನು ನೋಡೋಣ. ಧ್ವನಿಮುದ್ರಣಕ್ಕಾಗಿ ಮದರಾಸಿಗೆ ಓಡುವ ಪಾಡು ತಪ್ಪಲೆಂದು ಬೆಂಗಳೂರಿನಲ್ಲಿ ಸಂಕೇತ್ ಸ್ಟುಡಿಯೊವನ್ನು ನಿಲ್ಲಿಸಿದರು. ರಾಜ್‌ಕುಮಾರ್ ಅವರನ್ನು ನಾಯಕರನ್ನಾಗಿಸಿಕೊಂಡು 1987ರಲ್ಲಿ ‘ಒಂದು ಮುತ್ತಿನ ಕಥೆ’ ತೆಗೆದಾಗ ನೀರೊಳಗಿನ ದೃಶ್ಯಗಳಿಗಾಗಿ ಮಾಲ್ಡೀವ್ಸ್‌ವರೆಗೆ ಹೋದರು. ಚಿತ್ರ ನಿರೀಕ್ಷೆಯಷ್ಟು ಓಡಲಿಲ್ಲ. ಮುಂದಿನ ವರ್ಷವೇ, ಆಗ ಸೇವೆಯಲ್ಲಿದ್ದ ಪೊಲೀಸ್ ಅಧಿಕಾರಿಯೊಬ್ಬರ ಹೆಸರನ್ನು ಹೊತ್ತ ‘ಎಸ್.ಪಿ. ಸಾಂಗ್ಲಿಯಾನ’ದಲ್ಲಿ ನಟಿಸಿ ಚಿತ್ರಮಂದಿರಗಳನ್ನು ತುಂಬಿಸಿದರು.

ಪ್ರಶ್ನೆ: ಅಪಘಾತದ ದಿನ ಅವರು ಎಲ್ಲಿಗೆ ಹೊರಟಿದ್ದರು? ಅವರ ನೆನಪಿಗಾಗಿ ನೋಡಬಹುದಾದ ಸ್ಥಳವೇನಾದರೂ ಇದೆಯೇ? (ದಾವಣಗೆರೆಯ ಓದುಗರು)

ಉತ್ತರ: ಚಂದ್ರಶೇಖರ ಕಂಬಾರರ ‘ಜೋಕುಮಾರಸ್ವಾಮಿ’ ನಾಟಕವನ್ನು ಆಧರಿಸಿದ ಚಿತ್ರದ ಚಿತ್ರೀಕರಣಕ್ಕೆಂದು ಉತ್ತರ ಕರ್ನಾಟಕದ ಲೋಕಾಪುರಕ್ಕೆ ಹೊರಟಿದ್ದರು. 1990ರ ಸೆಪ್ಟೆಂಬರ್ 30ರಂದು ತಮ್ಮೂರಿನ ಬಳಿಯ ಆನಗೋಡಿನಲ್ಲಿ, ಹೆದ್ದಾರಿಯ ಮೇಲೆ, ಕಾರು ಅಪಘಾತಕ್ಕೀಡಾಯಿತು. ಅವರಿಗೆ ಮೂವತ್ತಾರು ತುಂಬಲು ನಲವತ್ತು ದಿನ ಬಾಕಿ ಇತ್ತು. ಅದೇ ಕಾರಿನಲ್ಲಿದ್ದ ಅರುಂಧತಿ ನಾಗ್ ಅವರು ತೀವ್ರವಾಗಿ ಗಾಯಗೊಂಡರೂ ಚೇತರಿಸಿಕೊಂಡು ರಂಗಕ್ಕೆ ಮರಳಿದರು. ನಾಟಕಕ್ಕೇ ಮೀಸಲಾದ ಮಂದಿರವೊಂದು ಬೇಕೆಂದು ಹಟ ಹಿಡಿದು, ವರ್ಷಗಟ್ಟಲೆ ಹಣ ಕೂಡಿಸಿ, 2004ರಲ್ಲಿ ಬೆಂಗಳೂರಿನ ಜೆ.ಪಿ. ನಗರದಲ್ಲಿ ‘ರಂಗಶಂಕರ’ದ ಬಾಗಿಲು ತೆರೆದರು. ಆನಗೋಡಿಗಿಂತ ತಾವು ಅಲ್ಲಿಗೆ ಹೋಗುವುದು ಒಳ್ಳೆಯದು. ವಾರದ ಬಹುತೇಕ ಸಂಜೆಗಳಲ್ಲಿ ನಾಟಕವಿರುತ್ತದೆ. ಹೊತ್ತಿಗೆ ಮೊದಲೇ ತಲುಪಿ. ಆಟ ಶುರುವಾದ ಮೇಲೆ, ಬಂದವರು ಯಾರೇ ಆಗಿರಲಿ, ಒಳಗೆ ಬಿಡುವುದಿಲ್ಲ.