ಓದುಗರ ಪ್ರಶ್ನೋತ್ತರ: ಸಾರಣೆಯ ಹಿಂದೆ ಮರೆಯಾದ ಕೇಬಲ್‌ಗಳು

ಈ ಬಾರಿ ಬಂದಿರುವ ಪತ್ರಗಳಲ್ಲಿ ಹೆಚ್ಚಿನವು ಮನೆಯೊಳಗೆ ಎಳೆದ ಕೇಬಲ್‌ಗಳ ಕುರಿತಾಗಿವೆ. ಗೋಡೆಯ ಸಾರಣೆ ಮುಗಿದು, ಬಣ್ಣ ಬಳಿದು, ಕೆಲಸದವರ ಲೆಕ್ಕ ಚುಕ್ತವಾದ ಮೇಲೆಯೇ ದೋಷ ಕಾಣಿಸಿಕೊಂಡಿದೆ ಎಂಬುದು ಬಹುತೇಕ ಪತ್ರಗಳ ಸಮಾನ ದೂರು. ಆದ್ದರಿಂದ ಐದು ಪತ್ರಗಳನ್ನು ಒಟ್ಟಿಗೆ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ಮಣಿಪಾಲದ ಸಮೀಪ ಕಟ್ಟಿಸಿದ ಹೊಸ ಮನೆಯಲ್ಲಿ ನಾಲ್ಕು ಕೋಣೆಗಳಿಗೂ ಇಂಟರ್ನೆಟ್ ಕೇಬಲ್ ಎಳೆಯುವಂತೆ ವಯರಿಂಗ್‌ನವರಿಗೆ ಹೇಳಿದ್ದೆವು. ನಮ್ಮದು 300 ಎಂಬಿಪಿಎಸ್ ಸಂಪರ್ಕ. ರೂಟರ್‌ನ ಪಕ್ಕದಲ್ಲಿ ಪೂರ್ತಿ ವೇಗ ಸಿಗುತ್ತದೆ. ಕೆಳಗಿನ ಮಲಗುವ ಕೋಣೆಯಲ್ಲಿ ಮಾತ್ರ ಎಂದೂ 95ನ್ನು ದಾಟುವುದಿಲ್ಲ. ಮೇಲಿನ ಕೋಣೆಯಲ್ಲಿ ಸಂಪರ್ಕ ಆಗಾಗ ಕಡಿಯುತ್ತದೆ. ಮೇಲಿನ ಕೋಣೆಯ ಕೇಬಲ್‌ಗೆ ಪರೀಕ್ಷೆಯ ಪುಟ್ಟ ಪೆಟ್ಟಿಗೆ ಜೋಡಿಸಿ, ಎಂಟೂ ದೀಪ ಉರಿಯುವುದನ್ನು ತೋರಿಸಿ, ಎಲ್ಲವೂ ಸರಿಯಿದೆ ಎಂದು ಅವರು ಹೇಳಿದರು. ಗೋಡೆ ಒಡೆಯಬೇಕಾಗುತ್ತದೆಯೇ?

ಉತ್ತರ: ಗೋಡೆ ಒಡೆಯುವ ಮಾತನ್ನು ಸದ್ಯಕ್ಕೆ ಬದಿಗಿಡಿ. ನೀವು ವಿವರಿಸಿದ ಎರಡೂ ಲಕ್ಷಣಗಳು ಗೋಡೆಯ ಒಳಗಿಗಿಂತ ಕೇಬಲ್‌ನ ತುದಿಗಳಲ್ಲಿ ತಪ್ಪಿರುವ ಸಾಧ್ಯತೆಯನ್ನೇ ಹೆಚ್ಚಾಗಿ ತೋರಿಸುತ್ತವೆ.

ಕೆಳಗಿನ ಕೋಣೆಯ 95 ಎಂಬ ಸಂಖ್ಯೆ ಬಹಳಷ್ಟನ್ನು ಹೇಳುತ್ತದೆ. ಇಂಟರ್ನೆಟ್ ಕೇಬಲ್‌ನಲ್ಲಿ ಎರಡೆರಡಾಗಿ ಹೆಣೆದ ಎಂಟು ತಂತಿಗಳಿರುತ್ತವೆ, ಅಂದರೆ ನಾಲ್ಕು ಜೋಡಿ. 100 ಎಂಬಿಪಿಎಸ್ ವೇಗಕ್ಕೆ ಎರಡು ಜೋಡಿ ಸಾಕು, ಆದರೆ ಅದನ್ನು ಮೀರಿದ ಗಿಗಾಬಿಟ್ (1,000 ಎಂಬಿಪಿಎಸ್) ವೇಗಕ್ಕೆ ನಾಲ್ಕೂ ಬೇಕು. ಉಳಿದೆರಡು ಜೋಡಿಗಳಲ್ಲಿ ಒಂದೇ ಒಂದು ತಂತಿ ಸರಿಯಾಗಿ ಕೂರದಿದ್ದರೂ ಉಪಕರಣಗಳೆರಡೂ ತಾವಾಗಿಯೇ 100ಕ್ಕೆ ಇಳಿದು ಕೆಲಸ ಮಾಡುತ್ತವೆ, ಮತ್ತು ಬಳಕೆಯಲ್ಲಿ ಅದು ಸುಮಾರು 95 ಎಂದು ಕಾಣುತ್ತದೆ. ಆ ಕೋಣೆಯ ಸಾಕೆಟ್ಟನ್ನೂ ರೂಟರ್ ಬದಿಯ ಪ್ಲಗ್ಗನ್ನೂ ಕತ್ತರಿಸಿ ಹೊಸದಾಗಿ ಜೋಡಿಸಿದರೆ ಇದು ಬಗೆಹರಿಯಬಹುದು.

ಮೇಲಿನ ಕೋಣೆಯ ದೋಷ ಇನ್ನೂ ಸೂಕ್ಷ್ಮವಾದದ್ದು. ಎಂಟೂ ದೀಪ ಉರಿದರೆ ತಂತಿಗಳು ಈ ತುದಿಯಿಂದ ಆ ತುದಿಗೆ ಕ್ರಮವಾಗಿ ತಲುಪಿವೆ ಎಂದಷ್ಟೇ ಅರ್ಥ. ಸರಿಯಾದ ಜೋಡಿ ಸರಿಯಾದ ಸ್ಥಾನದಲ್ಲಿದೆ ಎಂಬುದನ್ನು ಆ ಪೆಟ್ಟಿಗೆ ಹೇಳಲಾರದು. ವಿದ್ಯುತ್ ಕೆಲಸದಲ್ಲಿ ಪಳಗಿದವರು ಬಣ್ಣಗಳನ್ನು ಕಂಡ ಹಾಗೆ, ಕಿತ್ತಳೆಯ ಪಕ್ಕದಲ್ಲಿ ಕಿತ್ತಳೆ-ಬಿಳಿ, ನೀಲಿಯ ಪಕ್ಕದಲ್ಲಿ ನೀಲಿ-ಬಿಳಿ ಎಂದು ಸಾಲಾಗಿ ಜೋಡಿಸುವುದುಂಟು. ಎರಡೂ ತುದಿಯಲ್ಲಿ ಒಂದೇ ಕ್ರಮವಿರುವುದರಿಂದ ಎಲ್ಲವೂ ಸರಿಯೆಂದು ಅವರಿಗೆ ಪ್ರಾಮಾಣಿಕವಾಗಿಯೇ ಅನಿಸುತ್ತದೆ. ಆದರೆ ನಿಯಮದ ಪ್ರಕಾರ ಮೂರನೆಯ ಮತ್ತು ಆರನೆಯ ಸ್ಥಾನದ ತಂತಿಗಳು ಒಂದೇ ಜೋಡಿಯವು ಆಗಿರಬೇಕು. ಸಾಮಾನ್ಯವಾಗಿ ಬಳಸುವ ಕ್ರಮ ಹೀಗಿದೆ: ಕಿತ್ತಳೆ-ಬಿಳಿ, ಕಿತ್ತಳೆ, ಹಸಿರು-ಬಿಳಿ, ನೀಲಿ, ನೀಲಿ-ಬಿಳಿ, ಹಸಿರು, ಕಂದು-ಬಿಳಿ, ಕಂದು. ಇಲ್ಲಿ ಹಸಿರಿನ ಜೋಡಿ ನೀಲಿಯ ಎರಡೂ ಬದಿಗೆ ಹಂಚಿಹೋಗಿರುವುದನ್ನು ಗಮನಿಸಿ. ತಂತಿಗಳನ್ನು ಹೆಣೆದಿರುವುದು ಹೊರಗಿನ ಅಡಚಣೆ ಎರಡೂ ತಂತಿಗಳ ಮೇಲೆ ಸಮನಾಗಿ ಬಿದ್ದು ಕಳೆದುಹೋಗಲಿ ಎಂಬ ಕಾರಣಕ್ಕೆ. ಸಂಕೇತದ ಎರಡು ತಂತಿಗಳು ಬೇರೆ ಬೇರೆ ಹೆಣಿಗೆಗೆ ಸೇರಿದರೆ ಆ ರಕ್ಷಣೆಯೇ ಇಲ್ಲವಾಗುತ್ತದೆ ಮತ್ತು ಸಂಪರ್ಕ ಕಡಿಯತೊಡಗುತ್ತದೆ. ಇದೇ ಕಾರಣಕ್ಕೆ ತುದಿಯಲ್ಲಿ ಹೆಣಿಗೆಯನ್ನು 13 ಮಿ.ಮೀ.ಗಿಂತ ಹೆಚ್ಚು ಬಿಚ್ಚಬಾರದು. ಅನುಕೂಲಕ್ಕೆಂದು ಎರಡು ಮೂರು ಅಂಗುಲ ಬಿಚ್ಚಿ ಸಾಕೆಟ್ಟಿನ ಹಿಂದೆ ತುರುಕಿರುವುದನ್ನು ನಾನು ಅನೇಕ ಮನೆಗಳಲ್ಲಿ ನೋಡಿದ್ದೇನೆ.

ಸಾಕೆಟ್ಟು ಬಿಚ್ಚಿದಾಗ ಇನ್ನೂ ಮೂರು ಸಂಗತಿಗಳನ್ನು ನೋಡಿ. ದೀಪದ ಪಾಯಿಂಟುಗಳಂತೆ ಒಂದು ಕೋಣೆಯಿಂದ ಮುಂದಿನ ಕೋಣೆಗೆ ಅದೇ ಕೇಬಲ್ಲನ್ನು ಕವಲೊಡೆಸಿದ್ದಾರೆಯೇ? ಹಾಗಿದ್ದರೆ ಅದು ನಡೆಯದು. ಪ್ರತಿ ಕೋಣೆಯಿಂದಲೂ ಪ್ರತ್ಯೇಕ ಕೇಬಲ್ ರೂಟರ್ ಇರುವ ಜಾಗಕ್ಕೆ ನೇರವಾಗಿ ಬರಬೇಕು. ಎರಡನೆಯದಾಗಿ, ಒಂದು ತಂತಿಯನ್ನು ಬ್ಲೇಡಿನಿಂದ ಮೆಲ್ಲಗೆ ಕೆರೆಯಿರಿ. ತಾಮ್ರದ ಕೆಂಪು ಬಣ್ಣದ ಕೆಳಗೆ ಬಿಳಿ ಲೋಹ ಕಂಡರೆ ಅದು ತಾಮ್ರ ಲೇಪಿಸಿದ ಅಲ್ಯೂಮಿನಿಯಂ, ಬಾಗಿಸಿದಲ್ಲಿ ಬೇಗ ತುಂಡಾಗುವಂಥದ್ದು ಮತ್ತು ಇಂಟರ್ನೆಟ್ ಕೇಬಲ್ಲಿನ ಕ್ಯಾಟ್-5ಇ, ಕ್ಯಾಟ್-6 ಮಾನದಂಡಗಳಿಗೆ ಹೊಂದದ್ದು.

ಮೂರನೆಯದು ಸುರಕ್ಷತೆಯ ವಿಷಯ. ಇಂಟರ್ನೆಟ್ ಕೇಬಲ್ ಮತ್ತು 230 ವೋಲ್ಟಿನ ವಯರ್‌ಗಳು ಒಂದೇ ಪೈಪಿನಲ್ಲಿದ್ದರೆ, ವೇಗ ಸರಿಯಿದ್ದರೂ ಅದನ್ನು ಹಾಗೆಯೇ ಬಿಡಬೇಡಿ. ವಯರಿನ ಹೊದಿಕೆ ಎಲ್ಲಾದರೂ ಸುಲಿದರೆ ಮನೆಯ ವೋಲ್ಟೇಜು ನಿಮ್ಮ ಕಂಪ್ಯೂಟರಿನ ಲೋಹದ ಭಾಗಕ್ಕೆ, ಅಲ್ಲಿಂದ ಅದನ್ನು ಮುಟ್ಟಿದವರಿಗೆ ತಲುಪಬಹುದು. ಅಂಥ ಕೇಬಲ್ಲನ್ನು ಹೊರಗೆಳೆದು ಬೇರೆ ಹಾದಿಯಲ್ಲಿ ಒಯ್ಯಬೇಕು. ಪ್ರತ್ಯೇಕ ಪೈಪಿದ್ದು ಕೇಬಲ್ ಮಾತ್ರ ಕಳಪೆಯಾಗಿದ್ದರೆ, ಹೊಸದನ್ನು ಹಳೆಯದರ ತುದಿಗೆ ಬಿಗಿದು ನಿಧಾನವಾಗಿ ಎಳೆದುಕೊಳ್ಳಬಹುದು.

ಪ್ರಶ್ನೆ: ಮಂಗಳೂರಿನ ಫ್ಲ್ಯಾಟಿನಲ್ಲಿ ಫೈಬರ್ ಕೇಬಲ್ಲನ್ನು ಬಾಗಿಲಿನ ಸಂದಿನಿಂದ ಒಳಗೆ ತಂದು, ಮೂಲೆಯಲ್ಲಿ ಮಡಚಿ ಮೊಳೆ ಹೊಡೆದಿದ್ದಾರೆ. ಉಪಕರಣದಲ್ಲಿ ಆಗಾಗ ಕೆಂಪು ದೀಪ ಉರಿಯುತ್ತದೆ. ಇದಕ್ಕೂ ಅದಕ್ಕೂ ಸಂಬಂಧವಿದೆಯೇ?

ಉತ್ತರ: ಇದೆ. ಗಾಜಿನ ಎಳೆ ಹೆಚ್ಚು ಬಾಗಿದಾಗ ಬೆಳಕು ಪಕ್ಕಕ್ಕೆ ಸೋರಿಹೋಗುತ್ತದೆ. ಮನೆಗಳಿಗೆಂದೇ ತಯಾರಾದ, ಬಾಗನ್ನು ತಾಳಿಕೊಳ್ಳುವ ಎಳೆಗಳು ಕೂಡ ಸುಮಾರು 7.5ರಿಂದ 10 ಮಿ.ಮೀ. ತ್ರಿಜ್ಯಕ್ಕಿಂತ ಚಿಕ್ಕ ತಿರುವನ್ನು ಸಹಿಸವು. ಹಳೆಯ ಬಗೆಯದಕ್ಕೆ 30 ಮಿ.ಮೀ. ಬೇಕು. ಮಡಚಿದ ಕಡೆ ಮೊಳೆ ತೆಗೆಸಿ, ತಿರುವನ್ನು ಅಗಲವಾಗಿ ಸುತ್ತಿಸಿ, ಬಾಗಿಲಿಗೆ ಸಿಕ್ಕದಂತೆ ಗೋಡೆಯಲ್ಲಿ ತೂತು ಕೊರೆಸಿ. ಕೇಬಲ್ ತುದಿಯನ್ನು ಬಿಚ್ಚಿ ಕಣ್ಣಿನಿಂದ ನೋಡಬೇಡಿ, ಮಕ್ಕಳಿಗೂ ಬಿಡಬೇಡಿ.

ಪ್ರಶ್ನೆ: ಸುರತ್ಕಲ್‌ನಲ್ಲಿ ನಮ್ಮದು ಕೆಂಪುಕಲ್ಲಿನ ಮನೆ. ಡಿಶ್ ಕೇಬಲ್ಲಿಗೆ ಗೋಡೆಯಲ್ಲಿ ತೂತು ಕೊರೆದ ಮೇಲೆ ಪ್ರತಿ ಮಳೆಗಾಲದಲ್ಲೂ ಟಿ.ವಿ.ಯ ಹಿಂದಿನ ಗೋಡೆ ಒದ್ದೆಯಾಗುತ್ತದೆ. ತೂತಿನ ಸುತ್ತ ಸಿಮೆಂಟು ಮೆತ್ತಿಸಿಯೂ ಪ್ರಯೋಜನವಾಗಿಲ್ಲ. ಚಿತ್ರವೂ ಆಗಾಗ ಒಡೆಯುತ್ತದೆ.

ಉತ್ತರ: ವರ್ಷಕ್ಕೆ 3,500 ಮಿ.ಮೀ.ಗೂ ಹೆಚ್ಚು ಮಳೆ ಸುರಿಯುವ ನಮ್ಮ ಕರಾವಳಿಯಲ್ಲಿ ಕೇಬಲ್ ಎಳೆಯುವವರು ಮೊದಲು ಕಲಿಯಬೇಕಾದದ್ದು ನೀರು ಯಾವ ದಾರಿಯಲ್ಲಿ ಹರಿಯುತ್ತದೆ ಎಂಬುದನ್ನು. ಡಿಶ್ ಮೇಲಿದೆ, ತೂತು ಕೆಳಗಿದೆ. ಕೇಬಲ್ ಇಳಿಜಾರಾಗಿ ನೇರ ತೂತಿಗೆ ಬಂದರೆ ಅದರ ಮೇಲೆ ಬಿದ್ದ ಪ್ರತಿ ಹನಿಯೂ ಅದೇ ಹಾದಿಯಲ್ಲಿ ಗೋಡೆಯೊಳಗೆ ಬರುತ್ತದೆ. ಕೇಬಲ್ಲನ್ನು ತೂತಿಗಿಂತ ಅರ್ಧ ಅಡಿ ಕೆಳಗಿನವರೆಗೆ ಇಳಿಬಿಟ್ಟು, ಬಳಿಕ ಮೇಲಕ್ಕೆ ತಿರುಗಿಸಿ ಒಳಗೆ ತಂದರೆ ನೀರು ಆ ಬಾಗಿನ ತಳದಿಂದಲೇ ಕೆಳಗೆ ತೊಟ್ಟಿಕ್ಕುತ್ತದೆ. ತೂತು ಕೂಡ ಹೊರಬದಿಗೆ ತಗ್ಗಾಗಿರಬೇಕು. ನನ್ನ ಮನೆಯಲ್ಲೇ ಕೆಲಸದವರೊಬ್ಬರು ಹೊರಗೆ ಏಣಿಯ ಮೇಲೆ ನಿಂತು ಕೆಳಮುಖವಾಗಿ ಕೊರೆದ ಕಾರಣ ತೂತು ಒಳಕ್ಕೆ ಇಳಿಜಾರಾಯಿತು, ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಗೆ ಪುಸ್ತಕದ ಕಪಾಟೊಂದು ಪೂರ್ತಿ ಹಾಳಾಯಿತು. ಕೊನೆಗೆ ಆ ತೂತನ್ನು ಮುಚ್ಚಿಸಿ, ಒಳಗಿನಿಂದ ಬೇರೆ ಕೊರೆಸಿದ ಮೇಲೆಯೇ ಗೋಡೆ ಒಣಗಿತು.

ಕೆಂಪುಕಲ್ಲು ರಂಧ್ರಮಯವಾದ ಕಲ್ಲು, ಒಳಗೆ ಸೇರಿದ ನೀರನ್ನು ಅದು ಸುತ್ತಲೂ ಹಬ್ಬಿಸುತ್ತದೆ. ನೀವು ಹೊರಮೈಗೆ ಮೆತ್ತಿಸಿದ ಸಿಮೆಂಟು ಕೇಬಲ್ಲಿನ ನುಣುಪಾದ ಹೊದಿಕೆಗೆ ಅಂಟದೆ ಸಣ್ಣ ಸಂದು ಉಳಿದಿರುತ್ತದೆ. ತೂತಿನೊಳಗೆ ಪೂರ್ತಿ ಉದ್ದಕ್ಕೆ ಪಿವಿಸಿ ಪೈಪ್ ತುಂಡೊಂದನ್ನು ಕೂರಿಸಿ, ಅದರ ಹೊರಬಾಯಿಯನ್ನು ಸಿಲಿಕೋನ್‌ನಿಂದ ಮುಚ್ಚಿಸಿ.

ಚಿತ್ರ ಒಡೆಯುವುದಕ್ಕೆ ಸಮುದ್ರದ ಉಪ್ಪುಗಾಳಿ ಕಾರಣವಿರಬಹುದು. ಡಿಶ್‌ನ ಬುಡದಲ್ಲಿ ರಬ್ಬರ್ ಮುಸುಕಿಲ್ಲದೆ ಬಿಟ್ಟ ಕನೆಕ್ಟರ್ ಹಸಿರುಗಟ್ಟಿದ್ದರೆ ಅದನ್ನು ಬದಲಿಸಿ, ಕೇಬಲ್ಲಿನ ಹೊದಿಕೆಯೊಳಗಿನ ಲೋಹದ ಹೆಣಿಗೆ ಕಪ್ಪಾದಷ್ಟು ಉದ್ದವನ್ನು ಕತ್ತರಿಸಿಬಿಡಿ. ಎಪ್ರಿಲ್-ಮೇ ಮತ್ತು ಅಕ್ಟೋಬರ್ ತಿಂಗಳ ಗುಡುಗಿನ ಸಂಜೆಗಳಲ್ಲಿ ವಿದ್ಯುತ್ ಪ್ಲಗ್ಗಿನ ಜೊತೆಗೆ ಡಿಶ್ ಕೇಬಲ್ಲನ್ನೂ ಮುಂಚಿತವಾಗಿಯೇ ಕಳಚಿಡಿ. ಸಿಡಿಲಿನ ಹೊಡೆತ ಎರಡೂ ದಾರಿಯಿಂದ ಬರಬಲ್ಲದು.

ಪ್ರಶ್ನೆ: ಉಡುಪಿಯ ಹತ್ತಿರ ನಮ್ಮ ಹಿರಿಯರ ಹಂಚಿನ ಮನೆಗೆ ತಾರಸಿಯ ಹೊಸ ಭಾಗ ಸೇರಿಸಿದ್ದೇವೆ. ಹೊಸ ಭಾಗಕ್ಕೆ ಮಾತ್ರ, ವಿದ್ಯುತ್ ಸೋರಿದರೆ ಸಂಪರ್ಕ ಕಡಿಯುವ ಆರ್‌ಸಿಸಿಬಿ ಹಾಕಿದ್ದರು. ಜಗಲಿಯ ಪುಟ್ಟ ರಾತ್ರಿದೀಪ ಉರಿಸಿದರೆ ಏನೂ ಆಗುತ್ತಿರಲಿಲ್ಲ, ಅದರ ಪಕ್ಕದ 9 ವಾಟ್‌ನ ಬಲ್ಬು ಹಾಕಿದ ಕೂಡಲೇ ಹೊಸ ಭಾಗದ ವಿದ್ಯುತ್ ಪೂರ್ತಿ ಹೋಗುತ್ತಿತ್ತು. ಆರ್‌ಸಿಸಿಬಿ ಹಾಳಾಗಿದೆ ಎಂದು ಕೆಲಸದವರು ಅದನ್ನು ತಪ್ಪಿಸಿ ನೇರ ಸಂಪರ್ಕ ಕೊಟ್ಟಿದ್ದಾರೆ. ಈಗ ತೊಂದರೆಯಿಲ್ಲ. ಹೀಗೇ ಇರಬಹುದೇ?

ಉತ್ತರ: ದಯವಿಟ್ಟು ಹಾಗೆ ಬಿಡಬೇಡಿ. ಈ ಪತ್ರವನ್ನು ಓದಿ ನನಗೆ ನಿಜಕ್ಕೂ ಆತಂಕವಾಯಿತು. ಆರ್‌ಸಿಸಿಬಿ ಹಾಳಾಗಿರಲಿಲ್ಲ, ತನ್ನ ಕೆಲಸವನ್ನು ಮಾಡುತ್ತಿತ್ತು.

ಫೇಸ್‌ನಲ್ಲಿ ಹೋದ ವಿದ್ಯುತ್ ನ್ಯೂಟ್ರಲ್‌ನಲ್ಲಿ ಅಷ್ಟೇ ಮರಳುತ್ತದೆಯೇ ಎಂದು ಆರ್‌ಸಿಸಿಬಿ ಸದಾ ತಾಳೆ ನೋಡುತ್ತದೆ. ವ್ಯತ್ಯಾಸ 30 ಮಿಲಿಆಂಪಿಯರ್ ಮುಟ್ಟುವುದರೊಳಗೆ, ಸೆಕೆಂಡಿನ ಒಂದು ಅಂಶದಲ್ಲಿ, ಸಂಪರ್ಕ ಕಡಿಯುತ್ತದೆ. ನಿಮ್ಮ ಜಗಲಿಯ ಬಲ್ಬಿಗೆ ಫೇಸ್ ಹೊಸ ಭಾಗದಿಂದ ಬಂದಿದೆ, ನ್ಯೂಟ್ರಲ್ಲನ್ನು ಹತ್ತಿರದಲ್ಲಿ ಸಿಕ್ಕಿತೆಂದು ಹಳೆಯ ಭಾಗದಿಂದ ಕೊಟ್ಟಿದ್ದಾರೆ ಎಂಬುದು ನನ್ನ ಊಹೆ, ಮತ್ತು ಲೆಕ್ಕವೂ ಅದಕ್ಕೆ ಒಪ್ಪುತ್ತದೆ. 230 ವೋಲ್ಟಿನಲ್ಲಿ 9 ವಾಟ್ ಬಲ್ಬು ಸುಮಾರು 40 ಮಿಲಿಆಂಪಿಯರ್ ಎಳೆಯುತ್ತದೆ. ಅದಷ್ಟೂ ಆರ್‌ಸಿಸಿಬಿಯನ್ನು ಹಾಯದೆ ಬೇರೆ ದಾರಿಯಲ್ಲಿ ಮರಳಿದರೆ ಅದು ಬೀಳಲೇಬೇಕು, ಅಂದರೆ ಸಂಪರ್ಕ ಕಡಿಯಲೇಬೇಕು. ರಾತ್ರಿದೀಪ ಎಳೆಯುವುದು ಕೆಲವೇ ಮಿಲಿಆಂಪಿಯರ್, ಆದ್ದರಿಂದ ಬೀಳಲಿಲ್ಲ. ಆ ಬಲ್ಬಿನ ನ್ಯೂಟ್ರಲ್ಲನ್ನು ಹೊಸ ಭಾಗಕ್ಕೆ ಸರಿಯಾಗಿ ಸೇರಿಸುವುದು ಒಂದು ಮಧ್ಯಾಹ್ನದ ಕೆಲಸ. ಅಷ್ಟನ್ನು ಹುಡುಕದೆ ರಕ್ಷಣೆಯನ್ನೇ ಕಿತ್ತುಹಾಕಿದ್ದು ಕ್ಷಮೆಗೆ ಅರ್ಹವಾದ ತಪ್ಪಲ್ಲ, ಏಕೆಂದರೆ ಒದ್ದೆ ನೆಲದಲ್ಲಿ ಬರಿಗಾಲಲ್ಲಿ ನಿಂತು ಮಿಕ್ಸಿ, ಪಂಪು, ಗೀಸರ್ ಮುಟ್ಟುವ ನಿಮ್ಮ ಮನೆಯವರ ಜೀವಕ್ಕೆ ಇದ್ದ ಕೊನೆಯ ತಡೆ ಅದೇ ಆಗಿತ್ತು. ಪ್ರವಾಹ ಮಿತಿಮೀರಿದಾಗ ಬೀಳುವ ಎಂಸಿಬಿ ಇದೆಯಲ್ಲ ಎಂದು ಸಮಾಧಾನಪಡಬೇಡಿ. ಅದು ವಯರಿನ ರಕ್ಷಣೆಗಿರುವುದು, ಮನುಷ್ಯನ ಮೈಯಲ್ಲಿ ಹರಿಯುವಷ್ಟು ಸಣ್ಣ ಪ್ರವಾಹಕ್ಕೆ ಅದು ಬೀಳುವುದಿಲ್ಲ.

ಪರವಾನಗಿ ಇರುವ ವಿದ್ಯುತ್ ಗುತ್ತಿಗೆದಾರರನ್ನು ಕರೆಸಿ, ಆರ್‌ಸಿಸಿಬಿಯನ್ನು ಮತ್ತೆ ಜೋಡಿಸಿ, ಹಳೆಯ ಭಾಗಕ್ಕೂ ಒಂದನ್ನು ಹಾಕಿಸಿ. ಅದಕ್ಕೆ ಮುನ್ನ ಹಳೆಯ ವಯರಿಂಗನ್ನು 500 ವೋಲ್ಟಿನ ಮೆಗ್ಗರ್ ಎಂಬ ಮಾಪಕದಿಂದ ಪರೀಕ್ಷಿಸುವಂತೆ ಕೇಳಿ. ಹೊದಿಕೆಯ ಪ್ರತಿರೋಧ 1 ಮೆಗಾಓಮ್‌ಗಿಂತ ಕಡಿಮೆಯಿದ್ದರೆ ಆ ವಯರ್ ಬದಲಾಗಬೇಕು. ಹಂಚಿನ ಮಾಡಿನ ಕೆಳಗೆ ಪಕ್ಕಾಸುಗಳ ಮೇಲೆ ಹಾದ ವಯರ್‌ಗಳನ್ನು ಇಲಿಗಳು ಕಡಿದಿರುವುದು ಸಾಮಾನ್ಯ, ಆದ್ದರಿಂದ ಅಟ್ಟಕ್ಕೆ ಹತ್ತಿ ನೋಡದೆ ಪರೀಕ್ಷೆ ಮುಗಿಯಿತೆನ್ನಬೇಡಿ.

ಪ್ರಶ್ನೆ: ಕುಂದಾಪುರದಲ್ಲಿ ಮನೆ ಕಟ್ಟಿಸುತ್ತಿದ್ದೇವೆ. ಗೋಡೆಗೆ ಪೈಪುಗಳನ್ನು ಕೂರಿಸಿ ಆಗಿದೆ, ಮುಂದಿನ ತಿಂಗಳು ಸಾರಣೆ. ಈಗ ನಾವು ಏನನ್ನು ನೋಡಬೇಕು?

ಉತ್ತರ: ಸರಿಯಾದ ಸಮಯಕ್ಕೆ ಕೇಳಿದ್ದೀರಿ. ಇಂಟರ್ನೆಟ್ ಮತ್ತು ಟಿ.ವಿ. ಕೇಬಲ್ಲಿಗೆ ಪ್ರತ್ಯೇಕ ಪೈಪಿದೆಯೇ, ಅದು ವಿದ್ಯುತ್ ಪೈಪಿನೊಂದಿಗೆ ಉದ್ದಕ್ಕೂ ಸಾಗುವಲ್ಲಿ ಸುಮಾರು ಒಂದಡಿ ಅಂತರವಿದೆಯೇ ಎಂದು ನೋಡಿ. ಕೆಲಸದವರನ್ನು ದೂರುವ ಮೊದಲು ನಾವು ಮನೆಯವರು ಒಪ್ಪಿಕೊಳ್ಳಬೇಕಾದ ಸಂಗತಿಯೊಂದಿದೆ: ರೂಟರ್ ಎಲ್ಲಿ, ಟಿ.ವಿ. ಎಲ್ಲಿ, ಕ್ಯಾಮೆರಾ ಎಲ್ಲಿ ಎಂಬುದನ್ನು ನಾವು ಕಾಗದದ ಮೇಲೆ ಬರೆದು ಕೊಡುವುದೇ ಇಲ್ಲ. ಇವತ್ತೇ ಬರೆದು ಕೊಡಿ. ಪೈಪುಗಳಲ್ಲಿ ತೀಕ್ಷ್ಣವಾದ ಎಲ್ಬೋ ಬದಲು ಅಗಲವಾದ ಬೆಂಡ್ ಹಾಕಿಸಿ, ಮುಂದೆ ಬೇಕಾದೀತೆಂದು ಒಂದು ಖಾಲಿ ಪೈಪನ್ನು ಎಳೆಯುವ ದಾರದ ಸಮೇತ ಹಾಕಿಸಿಡಿ. ಸಿಮೆಂಟು ಒಳಗೆ ಹೋಗದಂತೆ ಎಲ್ಲ ಬಾಯಿಗಳನ್ನೂ ಮುಚ್ಚಿಸಿ. ವಯರ್‌ಗಳ ಗಂಟುಗಳು ಪೈಪಿನೊಳಗೆ ಎಲ್ಲೂ ಇರಬಾರದು, ತೆರೆಯಲು ಬರುವ ಜಂಕ್ಷನ್ ಬಾಕ್ಸಿನಲ್ಲೇ ಇರಬೇಕು.

ಕೊನೆಯ ಕಂತಿನ ಹಣವನ್ನು ಪ್ರತಿ ಪಾಯಿಂಟನ್ನೂ ನಿಮ್ಮೆದುರು ಪರೀಕ್ಷಿಸಿದ ಬಳಿಕವೇ ಕೊಡುವುದೆಂದು ಈಗಲೇ ಮಾತಾಡಿಕೊಳ್ಳಿ. ಒಳ್ಳೆಯ ಕೆಲಸಗಾರರು ಇದಕ್ಕೆ ಬೇಸರಿಸುವುದಿಲ್ಲ. ಸಾರಣೆಯ ಹಿಂದಿನ ದಿನ ಪ್ರತಿಯೊಂದು ಗೋಡೆಗೂ ಅಳತೆಯ ಟೇಪನ್ನು ಹಿಡಿದು, ನೆಲದಿಂದ ಮತ್ತು ಮೂಲೆಯಿಂದ ಪೈಪ್ ಎಷ್ಟು ದೂರದಲ್ಲಿದೆ ಎಂಬುದು ಕಾಣುವಂತೆ ಫೋಟೋ ತೆಗೆದು, ಕೋಣೆಯ ಹೆಸರಿನೊಂದಿಗೆ ಮುದ್ರಿಸಿ ಮನೆಯ ಕಾಗದಪತ್ರಗಳ ಜೊತೆಗಿಡಿ. ಹತ್ತು ವರ್ಷ ಬಿಟ್ಟು ಗೋಡೆಗೆ ಮೊಳೆ ಹೊಡೆಯುವವರಿಗೂ ಅದು ಬೇಕಾಗುತ್ತದೆ.